ತಂತಿ ತಿರುಗುವ ಜಾಗ: ದೊಡ್ಡ ವೈರುಗಳ ಪುಲ್ ಬಾಕ್ಸ್ ಮತ್ತು ಟ್ರಂಕಿಂಗ್ ಅಳತೆಯ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ತಗಡಿನ ಪ್ಯಾನೆಲ್ ಮಾಡಿಕೊಡುವವರ ಬಳಿ ಹೋಗಿ ಒಂದು ಪುಲ್ ಬಾಕ್ಸ್, ಅಂದರೆ ಪೈಪುಗಳ ನಡುವೆ ವೈರು ಎಳೆಯಲು, ತಿರುಗಿಸಲು ಇಡುವ ಮುಚ್ಚಳದ ಪೆಟ್ಟಿಗೆ, ಬೇಕೆಂದರೆ ಅವರು ಮೊದಲು ಕೇಳುವುದು, "ಎಷ್ಟಕ್ಕೆಷ್ಟರೀ?" ಎಂದು. ಉದ್ದ, ಅಗಲ, ಆಳ ಎಂಬ ಮೂರು ಅಂಕಿ ಹೇಳಿದರೆ ಸಾಕು, ಹದಿನಾರು ಗೇಜಿನ ತಗಡನ್ನು ಕತ್ತರಿಸಿ, ಮಡಿಚಿ, ಬೆಸೆದು, ಬಣ್ಣ ಹೊಡೆದು ಕೊಡುತ್ತಾರೆ. ಆ ಮೂರು ಅಂಕಿ ಎಲ್ಲಿಂದ ಬರಬೇಕೆಂಬುದು ಅವರ ಚಿಂತೆಯಲ್ಲ, ಅಳತೆ ಕೊಡುವವರ ಚಿಂತೆ. ನಮ್ಮ ಬಹುಪಾಲು ಕೆಲಸಗಳಲ್ಲಿ ಅದು ಗೋಡೆಯ ಮೇಲೆ ಉಳಿದಿರುವ ಜಾಗದಿಂದ ಬರುತ್ತದೆ, ಇಲ್ಲವೇ ಹಿಂದಿನ ಕೆಲಸದಲ್ಲಿ ಉಳಿದುಹೋದ ಬಾಕ್ಸಿನಿಂದ ಬರುತ್ತದೆ. ಸಣ್ಣ ವೈರುಗಳಿಗೆ ಇದು ನಡೆದುಹೋಗುತ್ತದೆ. ದೊಡ್ಡ ವೈರುಗಳಿಗೆ ನಡೆಯುವುದಿಲ್ಲ.

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಶೀತಲಗೃಹಕ್ಕೆ ಹಿಂದೊಮ್ಮೆ ನಾನು ಹೀಗೆಯೇ ಅಳತೆ ಕೊಟ್ಟಿದ್ದೆ. ಕಂಪ್ರೆಸರ್ ಕೋಣೆಯ ಗೋಡೆಯುದ್ದಕ್ಕೂ ಅಡ್ಡಲಾಗಿ ಬಂದ ಮೂರಿಂಚಿನ ಪೈಪು ಒಂದು ಮೂಲೆಯಲ್ಲಿ ಕೆಳಗಿಳಿಯಬೇಕಿತ್ತು. ಅದರೊಳಗೆ 120 ಚದರ ಮಿ.ಮೀ. ತಾಮ್ರದ ನಾಲ್ಕು ವೈರುಗಳಿದ್ದವು: ಮೂರು ಫೇಸು, ಒಂದು ನ್ಯೂಟ್ರಲ್. ಆ ಮೂಲೆಗೆ 12 ಇಂಚು ಉದ್ದ, 12 ಇಂಚು ಅಗಲ, 6 ಇಂಚು ಆಳದ ಬಾಕ್ಸು ಸಾಕೆಂದು ನನಗನ್ನಿಸಿತ್ತು. ವೈರುಗಳೇನೋ ಒಳಗೆ ಹಿಡಿದವು. ಆದರೆ ಮುಚ್ಚಳ ಹಾಕುವಾಗ ಒಬ್ಬ ಹುಡುಗ ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿಯಬೇಕಾಯಿತು, ಇನ್ನೊಬ್ಬ ಸ್ಕ್ರೂ ತಿರುಗಿಸಿದ. ಆಗಲೇ ನನಗೆ ಅರ್ಥವಾಗಬೇಕಿತ್ತು. ಎರಡು ವರ್ಷಗಳ ನಂತರ ಬ್ರೇಕರ್ ಪದೇಪದೇ ಟ್ರಿಪ್ ಆಗುತ್ತಿದೆಯೆಂದು ಕರೆ ಬಂದಾಗ ಮುಚ್ಚಳ ತೆಗೆದು ನೋಡಿದರೆ, ಬಾಗಿಸಿದ್ದ ವೈರುಗಳು ಸ್ಪ್ರಿಂಗಿನಂತೆ ಚಿಮ್ಮಿ ಹೊರಬಂದವು. ಕೆಳಗಿನ ಪೈಪಿನ ಬಾಯಿಗೆ ಬುಶ್, ಅಂದರೆ ಪೈಪಿನ ಅಂಚು ವೈರಿಗೆ ತಾಗದಂತೆ ಹಾಕುವ ನಯವಾದ ಬಳೆ, ಹಾಕಿರಲಿಲ್ಲ. ಕಂಪ್ರೆಸರ್ ನಡೆದಾಗಲೆಲ್ಲ ಗೋಡೆಗೆ ಬರುವ ಸಣ್ಣ ಕಂಪನದಲ್ಲಿ ಒಂದು ಫೇಸಿನ ಇನ್ಸುಲೇಶನ್ ಆ ಅಂಚಿಗೆ ಉಜ್ಜಿ, ಒಳಗಿನ ತಾಮ್ರ ಹೊಳೆಯುತ್ತಿತ್ತು.

ಬಾಕ್ಸಿನೊಳಗೆ ವೈರು ಹಿಡಿಯುತ್ತದೆಯೇ ಎಂದು ಕೇಳುವುದು ಇಲ್ಲಿ ತಪ್ಪು ಪ್ರಶ್ನೆ. ವೈರು ತನ್ನ ಸಹಜ ಬಾಗುವಿಕೆಯಲ್ಲಿ ತಿರುಗಲು ಜಾಗವಿದೆಯೇ ಎಂಬುದೇ ಸರಿಯಾದ ಪ್ರಶ್ನೆ. 2.5 ಚದರ ಮಿ.ಮೀ. ವೈರನ್ನು ಬೆರಳಿನಿಂದ ಮಡಿಚಬಹುದು, ಆದ್ದರಿಂದ ಅದರ ಬಾಕ್ಸಿನ ಲೆಕ್ಕ ಗಾತ್ರದ ಲೆಕ್ಕ: ಇಷ್ಟು ವೈರಿಗೆ ಇಷ್ಟು ಘನ ಅಳತೆ ಎಂದಷ್ಟೇ. 120 ಚದರ ಮಿ.ಮೀ. ವೈರಿನ ಹೊರವ್ಯಾಸ ಇನ್ಸುಲೇಶನ್ ಸೇರಿ ಸುಮಾರು 20 ಮಿ.ಮೀ. ಇರುತ್ತದೆ, ಅದನ್ನು ಬಗ್ಗಿಸಲು ಎರಡೂ ಕೈ ಬೇಕು, ಕೆಲವೊಮ್ಮೆ ಮೊಣಕಾಲೂ ಬೇಕು. ಬಲವಂತವಾಗಿ ಬಗ್ಗಿಸಿದಾಗ ತಿರುವಿನ ಹೊರಮೈಯ ಇನ್ಸುಲೇಶನ್ ಹಿಗ್ಗಿ ತೆಳುವಾಗುತ್ತದೆ, ಒಳಮೈಯಲ್ಲಿ ಸುಕ್ಕುಗಟ್ಟುತ್ತದೆ, ಮತ್ತು ವೈರು ನೆಟ್ಟಗಾಗಲು ಹವಣಿಸುತ್ತ ಹತ್ತಿರದ ಯಾವುದಾದರೂ ಅಂಚನ್ನು ವರ್ಷಗಟ್ಟಲೆ ಒತ್ತುತ್ತಲೇ ಇರುತ್ತದೆ. ಪಿವಿಸಿ ಬಿಸಿಗೆ ಮೆದುವಾಗುವ ವಸ್ತು. ಹೊರೆ ಹೊತ್ತು 60–70 ಡಿಗ್ರಿಗೆ ಕಾಯ್ದ ವೈರಿನ ಮೇಲೆ ಆ ಒತ್ತಡ ಮಾಡುವ ಕೆಲಸ, ಅಂಗಡಿಯಲ್ಲಿ ತಣ್ಣಗಿರುವ ವೈರನ್ನು ಹಿಡಿದು ನೋಡಿದಾಗ ತಿಳಿಯುವುದಿಲ್ಲ.

ಈ ಲೆಕ್ಕವನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ಇಟ್ಟಿರುವುದು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ. ಅದನ್ನು ಅಲ್ಲಿಯವರು ಎನ್‌ಇಸಿ ಎನ್ನುತ್ತಾರೆ. ಮೊದಲು ಹೊರಬಂದದ್ದು 1897ರಲ್ಲಿ, ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಇಲ್ಲೊಂದು ಗೊಂದಲವಿದೆ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ನಮ್ಮ ಸಂಹಿತೆಗೂ ಎನ್‌ಇಸಿ ಎಂದೇ ಹೆಸರು, ಅದರ ಇತ್ತೀಚಿನ ಆವೃತ್ತಿ 2023ರದು. ನಮ್ಮಲ್ಲಿ ಕಾನೂನಿನ ಬಲವಿರುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ, ವೈರಿಂಗ್ ಪದ್ಧತಿಗೆ ಆಧಾರ ಐಎಸ್ 732. ಆದ್ದರಿಂದ ಮುಂದೆ ಹೇಳುವ ಎಂಟು ಪಟ್ಟು, ಆರು ಪಟ್ಟಿನ ಲೆಕ್ಕಗಳು ಹುಬ್ಬಳ್ಳಿಯಲ್ಲಿ ಕಾನೂನಲ್ಲ. ಆದರೆ ತಾಮ್ರದ ವೈರು ಬಾಗುವ ರೀತಿ ಅಲ್ಲಿಗೂ ಇಲ್ಲಿಗೂ ಒಂದೇ ಆದ್ದರಿಂದ ಅವು ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಮೇಲಾಗಿ ಪೈಪುಗಳನ್ನು ನಾವು ಇವತ್ತಿಗೂ ಎರಡಿಂಚು, ಮೂರಿಂಚು ಎಂದೇ ಕರೆಯುವುದರಿಂದ ಇಂಚಿನ ಲೆಕ್ಕ ಬಾಯಿಗೆ ಸುಲಭ.

ಅಮೆರಿಕದವರು ದೊಡ್ಡ ವೈರು ಎನ್ನುವುದು ಅವರ 4ನೇ ನಂಬರಿನ ಗೇಜಿನಿಂದ ಮೇಲೆ. ಅದು ಸುಮಾರು 21 ಚದರ ಮಿ.ಮೀ. ಆಗುತ್ತದೆ. ನಮ್ಮ ಅಳತೆಗಳಲ್ಲಿ 16ರ ನಂತರದ್ದು 25, ಹಾಗಾಗಿ ನಮಗೆ 25 ಚದರ ಮಿ.ಮೀ. ವೈರಿನಿಂದ ಈ ನಿಯಮ ಶುರುವಾಗುತ್ತದೆ ಎಂದಿಟ್ಟುಕೊಳ್ಳಬಹುದು.

ನೇರ ಎಳೆತದ ಲೆಕ್ಕ ಸರಳ. ಪೈಪು ಒಂದು ಗೋಡೆಯಿಂದ ಬಾಕ್ಸಿನೊಳಗೆ ಬಂದು, ಎದುರು ಗೋಡೆಯಿಂದ ನೇರವಾಗಿ ಹೊರಟುಹೋಗುವುದಾದರೆ, ಬಾಕ್ಸಿನ ಆ ಉದ್ದ ಅತಿ ದೊಡ್ಡ ಪೈಪಿನ ಅಳತೆಯ ಎಂಟು ಪಟ್ಟಿಗಿಂತ ಕಡಿಮೆಯಿರಬಾರದು. ಮೂರಿಂಚಿನ ಪೈಪಿಗೆ 24 ಇಂಚು, ಎರಡಿಂಚಿಗೆ 16 ಇಂಚು. ವೈರು ತಿರುಗುವುದೇ ಇಲ್ಲವಲ್ಲ, ಇಷ್ಟೇಕೆ ಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಎಳೆಯುವ ಹೊತ್ತಿನಲ್ಲಿ ತಿರುಗುತ್ತದೆ ಎಂಬುದು ಉತ್ತರ. ಮೊದಲ ಪೈಪಿನಿಂದ ವೈರನ್ನು ಪೂರ್ತಿ ಹೊರಗೆಳೆದು, ನೆಲದ ಮೇಲೆ ಸುರುಳಿ ಹಾಕಿ, ಮತ್ತೆ ಎರಡನೆಯ ಪೈಪಿಗೆ ತುಂಬಬೇಕು. ಕೊನೆಯ ಕುಣಿಕೆ ಬಾಕ್ಸಿನೊಳಗೆ ಸೇರುವಾಗ ಚಿಕ್ಕ ಬಾಕ್ಸಿನಲ್ಲಿ ಅದು ಗಂಟಿನಂತೆ ಮಡಿಚಿಕೊಳ್ಳುತ್ತದೆ. ನೇರ ಎಳೆತಕ್ಕೆ ತಿರುವಿನ ಎಳೆತಕ್ಕಿಂತ ಹೆಚ್ಚು ಪಟ್ಟು ಕೇಳುವುದರ ಗುಟ್ಟು ಇದೇ.

ತಿರುವಿನ ಎಳೆತಕ್ಕೆ ಆರು ಪಟ್ಟು, ಮತ್ತು ಅದಕ್ಕೆ ಅದೇ ಗೋಡೆಯ ಅದೇ ಸಾಲಿನಲ್ಲಿರುವ ಉಳಿದ ಪೈಪುಗಳ ಅಳತೆಗಳ ಮೊತ್ತವನ್ನು ಕೂಡಿಸಬೇಕು. ಉದಾಹರಣೆಗೆ ಬಾಕ್ಸಿನ ಎಡಗೋಡೆಗೆ ಒಂದು ಮೂರಿಂಚಿನ ಪೈಪು, ಎರಡು ಎರಡಿಂಚಿನ ಪೈಪು ಬಂದಿವೆ, ಅಷ್ಟೇ ಪೈಪುಗಳು ತಳದಿಂದ ಇಳಿಯುತ್ತವೆ ಎಂದುಕೊಳ್ಳೋಣ. ಎಡಗೋಡೆಯಿಂದ ಬಲಗೋಡೆಗೆ ಇರಬೇಕಾದ ಅಂತರ ಮೂರರ ಆರು ಪಟ್ಟು 18, ಅದಕ್ಕೆ 2, ಮತ್ತೆ 2: ಒಟ್ಟು 22 ಇಂಚು. ತಳದಿಂದ ಮೇಲಿನ ಗೋಡೆಗೂ ಅದೇ 22. ಒಂದೇ ಗೋಡೆಯಲ್ಲಿ ಎರಡು ಸಾಲು ಪೈಪುಗಳಿದ್ದರೆ ಪ್ರತಿ ಸಾಲಿಗೂ ಬೇರೆಬೇರೆ ಲೆಕ್ಕ ಹಾಕಿ ದೊಡ್ಡದನ್ನು ತೆಗೆದುಕೊಳ್ಳಬೇಕು, ಎರಡನ್ನೂ ಕೂಡಿಸಬಾರದು. ಈ ಅಳತೆಗಳೆಲ್ಲ ಬಾಕ್ಸಿನ ಒಳಗಿನವು.

ಬ್ಯಾಡಗಿಯ ನನ್ನ ಬಾಕ್ಸಿಗೆ ಈ ಲೆಕ್ಕ ಹಚ್ಚಿದರೆ 18 ಇಂಚಿಗೆ 18 ಇಂಚು ಬೇಕಿತ್ತು. ನಾನು ಕೊಟ್ಟದ್ದು 12. ಉಳಿಸಿದ್ದೆಷ್ಟು? ಆರಿಂಚು ಆಳವಿಟ್ಟುಕೊಂಡು ಮೈ ಅಳೆದರೆ ಚಿಕ್ಕ ಬಾಕ್ಸಿಗೆ 4 ಚದರ ಅಡಿ ತಗಡು, ದೊಡ್ಡದಕ್ಕೆ 7.5 ಚದರ ಅಡಿ. ಹದಿನಾರು ಗೇಜಿನಲ್ಲಿ ಆ ವ್ಯತ್ಯಾಸ ಸುಮಾರು ನಾಲ್ಕು ಕಿಲೋ ಕಬ್ಬಿಣ. ಹಾಳಾದ ವೈರಿನ ಒಂದು ಮೀಟರಿನ ಬೆಲೆ ಅದಕ್ಕಿಂತ ಹೆಚ್ಚು.

ಇಷ್ಟು ತಿಳಿದವರೂ ಎಡವುವ ಜಾಗ ಮುಂದಿದೆ. ಬಾಕ್ಸಿನ ಅಳತೆ ಸರಿಯಾಗಿ ಕೊಟ್ಟು ತೂತುಗಳ ಜಾಗ ಹೇಳದೆ ಬಿಟ್ಟರೆ, ಪೈಪು ಕೂಡಿಸುವವನು ತನಗೆ ಸುಲಭವಾದ ಕಡೆ, ಅಂದರೆ ಒಳಮೂಲೆಗೆ ಹತ್ತಿರದಲ್ಲಿ, ತೂತು ಕೊರೆಯುತ್ತಾನೆ. 18 ಇಂಚಿನ ಬಾಕ್ಸಿನಲ್ಲಿ ಎಡಗೋಡೆಯ ಪೈಪಿನ ನಡು ಮೂಲೆಯಿಂದ 4 ಇಂಚು ಮೇಲೆ, ತಳದ ಪೈಪಿನ ನಡು ಅದೇ ಮೂಲೆಯಿಂದ 4 ಇಂಚು ಬಲಕ್ಕೆ ಬಂದರೆ, ಎರಡು ನಡುಗಳ ಮಧ್ಯೆ ಐದೂಮುಕ್ಕಾಲು ಇಂಚೂ ಇರುವುದಿಲ್ಲ. ಇಷ್ಟು ದೊಡ್ಡ ಬಾಕ್ಸಿದ್ದೂ ವೈರು ಮೂಲೆಯಲ್ಲಿಯೇ ಮುರಿದು ತಿರುಗುತ್ತದೆ, ಉಳಿದ ಜಾಗವೆಲ್ಲ ಖಾಲಿ ಬಿದ್ದಿರುತ್ತದೆ. ಆದ್ದರಿಂದ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತದೆ: ಒಂದೇ ವೈರು ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ನಡುವಿನ ಅಂತರ ದೊಡ್ಡ ಪೈಪಿನ ಆರು ಪಟ್ಟಿಗಿಂತ ಕಡಿಮೆಯಾಗಬಾರದು. ಮೂರಿಂಚಿನ ಪೈಪಿಗೆ 18 ಇಂಚು. ಅದು ಓರೆಯ ಅಂತರ, ಹಾಗಾಗಿ ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕ ಇಲ್ಲಿ ಬೇಕಾಗುತ್ತದೆ. ಎರಡೂ ಪೈಪುಗಳು ಮೂಲೆಯಿಂದ ಸಮದೂರದಲ್ಲಿದ್ದರೆ, 18ನ್ನು ಎರಡರ ವರ್ಗಮೂಲದಿಂದ ಭಾಗಿಸಿದಾಗ ಬರುವ ಸುಮಾರು 12.7 ಇಂಚು ದೂರದಲ್ಲಿ ಪ್ರತಿ ಪೈಪಿನ ಒಳಗಂಚು ಇರಬೇಕು. ಮೂರಿಂಚಿನ ಪೈಪಿನ ಹೊರವ್ಯಾಸ ಮೂರೂವರೆ ಇಂಚು. ಅದರ ಅರ್ಧ ಸೇರಿಸಿದರೆ ತೂತಿನ ನಡು ಮೂಲೆಯಿಂದ ಸುಮಾರು ಹದಿನಾಲ್ಕೂವರೆ ಇಂಚಿಗೆ ಬರುತ್ತದೆ. 18 ಇಂಚಿನ ಗೋಡೆಯಲ್ಲಿ ಪೈಪನ್ನು ಬಾಕ್ಸಿಗೆ ಬಿಗಿಯುವ ಚೆಕ್‌ನಟ್ ತಿರುಗಿಸುವಷ್ಟು ಜಾಗ ಉಳಿದು ಅದು ಕೂಡುತ್ತದೆ. ಮೊದಲು ಹೇಳಿದ 22 ಇಂಚಿನ ಬಾಕ್ಸಿನಲ್ಲಿ ಮೂರಿಂಚಿನ ಪೈಪನ್ನು ಒಳಮೂಲೆಯಿಂದ ದೂರಕ್ಕೂ, 12 ಇಂಚಿನ ಓರೆ ಅಂತರ ಸಾಕಾಗುವ ಎರಡಿಂಚಿನವನ್ನು ಹತ್ತಿರಕ್ಕೂ ಇಟ್ಟರೆ ಮೂರೂ ಸಾಲಾಗಿ ಕೂಡುತ್ತವೆ. ತಿರುಗಾಮುರುಗಾ ಇಟ್ಟರೆ ಕೂಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತೂತಿನ ನಡುಗಳನ್ನು ಗುರುತು ಮಾಡದ ಬಾಕ್ಸಿನ ನಕಾಶೆ ನಕಾಶೆಯೇ ಅಲ್ಲ.

ಒಂದೇ ಗೋಡೆಯಿಂದ ಬಂದು ಅದೇ ಗೋಡೆಯಿಂದ ಹೊರಗೆ ಹೋಗುವ ಹಿಂದಿರುಗು ತಿರುವಿಗೂ ಆರು ಪಟ್ಟಿನ ಲೆಕ್ಕವೇ. ಎರಡು ಮೂರಿಂಚಿನ ಪೈಪುಗಳಿದ್ದರೆ ಎದುರು ಗೋಡೆಗೆ 18 ಮತ್ತು 3 ಸೇರಿ 21 ಇಂಚು, ಪೈಪುಗಳ ನಡುವೆ 18 ಇಂಚು. ಆಳದ ವಿಷಯದಲ್ಲಿ ಎಂಟು, ಆರು ಪಟ್ಟಿನ ಮಾತಿಲ್ಲ, ಪೈಪು ಮತ್ತು ಅದರ ಚೆಕ್‌ನಟ್ ಕೂಡಿದರೆ ಆಯಿತು. ಆದರೆ ಪೈಪು ಹಿಂದಿನ ಗೋಡೆಯಿಂದ ಮುಚ್ಚಳದತ್ತ ಮುಖ ಮಾಡಿ ಬಂದರೆ ಆಳಕ್ಕೂ ಲೆಕ್ಕ ಬರುತ್ತದೆ. ಅದಕ್ಕೊಂದು ಕೋಷ್ಟಕವಿದೆ: 4ನೇ ಗೇಜಿಗೆ 2 ಇಂಚು, ನಮ್ಮ 120 ಚದರ ಮಿ.ಮೀ.ಗೆ ಹತ್ತಿರವಾದ ಗಾತ್ರಕ್ಕೆ ನಾಲ್ಕೂವರೆ ಇಂಚು, ಹೀಗೆ ಏರುತ್ತ ಹೋಗುತ್ತದೆ.

ಬಾಕ್ಸು ಎಷ್ಟು ದೊಡ್ಡದಿರಬೇಕೆಂಬುದರ ಜೊತೆಗೆ ಎಲ್ಲೆಲ್ಲಿ ಬೇಕೆಂಬುದೂ ಇದೆ. ಎರಡು ಬಾಕ್ಸುಗಳ ನಡುವೆ ಪೈಪಿನ ತಿರುವುಗಳ ಮೊತ್ತ 360 ಡಿಗ್ರಿ, ಅಂದರೆ ನಾಲ್ಕು ಕಾಲುತಿರುವು, ಮೀರಬಾರದೆಂಬುದು ಅಮೆರಿಕದ ನಿಯಮ. ಇದರ ಹಿಂದಿನ ಭೌತಶಾಸ್ತ್ರ ಬಾವಿಯಿಂದ ನೀರು ಸೇದಿದವರಿಗೆಲ್ಲ ಗೊತ್ತು: ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದರೆ ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ತಡೆದು ನಿಲ್ಲಿಸಬಹುದು. ಆ ಸುತ್ತು ಅಲ್ಲಿ ಉಪಕಾರಿ, ಪೈಪಿನಲ್ಲಿ ಶತ್ರು. ಒಣ ವೈರಿಗೆ ಘರ್ಷಣೆಯ ಗುಣಾಂಕ 0.5 ಎಂದು ಹಿಡಿದರೆ ಒಂದು ಕಾಲುತಿರುವು ಎಳೆತವನ್ನು ಸುಮಾರು 2.2 ಪಟ್ಟು ಹೆಚ್ಚಿಸುತ್ತದೆ. ನಾಲ್ಕು ತಿರುವಿಗೆ ಎಂಟೂ ಮುಕ್ಕಾಲು ಪಟ್ಟಾಗುತ್ತದೆಂದು ತಿಳಿಯಬಾರದು. ಅದು ಗುಣಾಕಾರವಾದ್ದರಿಂದ 23 ಪಟ್ಟಾಗುತ್ತದೆ. ಕೇಬಲ್ ಎಳೆಯುವ ಜೆಲ್ ಹಚ್ಚಿ ಗುಣಾಂಕವನ್ನು 0.35ಕ್ಕೆ ಇಳಿಸಿದರೆ ಅದೇ ನಾಲ್ಕು ತಿರುವು 9 ಪಟ್ಟಿಗೆ ಬರುತ್ತದೆ. ಪೆಟ್ರೋಲಿಯಂ ಗ್ರೀಸು ಮಾತ್ರ ಹಚ್ಚಬಾರದು, ಅದು ಇನ್ಸುಲೇಶನ್ನನ್ನೇ ಕೆಡಿಸುತ್ತದೆ. ಮಧ್ಯದಲ್ಲೊಂದು ಬಾಕ್ಸು ಇಟ್ಟರೆ ಎಳೆತ ಅಲ್ಲಿಗೆ ಶೂನ್ಯವಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪುಲ್ ಬಾಕ್ಸ್ ಎಂಬ ಹೆಸರು ಬಂದದ್ದೇ ಈ ಕಾರಣಕ್ಕೆ.

ನಮ್ಮ ಭಾಗದಲ್ಲಿ ಇನ್ನೊಂದು ವಾಸ್ತವವಿದೆ. ಟ್ರಾನ್ಸ್‌ಫಾರ್ಮರಿನಿಂದ ಮೇನ್ ಪ್ಯಾನೆಲ್‌ವರೆಗೆ ನಾವು ಹೆಚ್ಚಾಗಿ ಪೈಪಿನಲ್ಲಿ ಬಿಡಿ ವೈರು ಎಳೆಯುವುದಿಲ್ಲ, ಮೂರೂವರೆ ಕೋರಿನ (ಮೂರು ಫೇಸು, ಸುಮಾರು ಅರ್ಧ ಗಾತ್ರದ ಒಂದು ನ್ಯೂಟ್ರಲ್), ಉಕ್ಕಿನ ಕವಚದ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ಲನ್ನೇ ನೆಲದಲ್ಲಿ ಹೂಳುತ್ತೇವೆ ಇಲ್ಲವೇ ಟ್ರೇ ಮೇಲೆ ಮಲಗಿಸುತ್ತೇವೆ. ಅದಕ್ಕೆ ಪಟ್ಟಿನ ಲೆಕ್ಕ ಪೈಪಿನದಲ್ಲ, ಕೇಬಲ್ಲಿನದು: 1.1 ಕೆವಿ ಆರ್ಮರ್ಡ್ ಕೇಬಲ್ಲಿಗೆ ಬಾಗುವ ತ್ರಿಜ್ಯ ಹೊರವ್ಯಾಸದ 12 ಪಟ್ಟಿಗಿಂತ ಕಡಿಮೆಯಾಗಬಾರದೆಂದು ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಹೊರವ್ಯಾಸ 50 ಮಿ.ಮೀ. ಇದ್ದರೆ ತ್ರಿಜ್ಯವೇ 600 ಮಿ.ಮೀ., ಎರಡಡಿ. ಇಂಥ ತಿರುವು ಯಾವ ಬಾಕ್ಸಿನಲ್ಲಿಯೂ ಆಗುವುದಲ್ಲ. ಅದನ್ನು ಪ್ಯಾನೆಲ್ಲಿನ ಹೊರಗೆ, ಟ್ರೆಂಚಿನಲ್ಲಿಯೇ ಮುಗಿಸಿ, ಕೇಬಲ್ಲನ್ನು ಪ್ಯಾನೆಲ್ಲಿನ ತಗಡಿಗೆ ಬಿಗಿಯುವ ಗ್ಲ್ಯಾಂಡಿಗೆ ನೆಟ್ಟಗೆ ತಂದು ಕೂಡಿಸಬೇಕು. ಹುಬ್ಬಳ್ಳಿಯ ತಾರಿಹಾಳ, ಧಾರವಾಡದ ಬೇಲೂರಿನ ಕಾರ್ಖಾನೆಗಳಲ್ಲಿ ಗ್ಲ್ಯಾಂಡು ಓರೆಯಾಗಿ ನಿಂತು ತಳದ ತಗಡು ಸೊಟ್ಟಗಾಗಿರುವುದು ಕಂಡರೆ, ಟ್ರೆಂಚು ತೋಡುವಾಗ ಯಾರೂ ಈ ಗುಣಾಕಾರ ಮಾಡಿಲ್ಲವೆಂದು ತಿಳಿಯಬೇಕು.

ಇನ್ನು ಅಮೆರಿಕದವರು ವೈರ್‌ವೇ ಎಂದು ಕರೆಯುವ, ನಾವು ಟ್ರಂಕಿಂಗ್ ಎನ್ನುವ, ಮುಚ್ಚಳವಿರುವ ಉದ್ದನೆಯ ತಗಡಿನ ಕಾಲುವೆಯ ವಿಷಯ. ಇಲ್ಲಿ ವೈರನ್ನು ಎಳೆಯುವುದಿಲ್ಲ, ಮುಚ್ಚಳ ತೆಗೆದು ಮಲಗಿಸುತ್ತೇವೆ. ಹಾಗಾಗಿ ಎಳೆತದ ಬದಲು ಶಾಖ ಮುಖ್ಯವಾಗುತ್ತದೆ. ಲೋಹದ ಟ್ರಂಕಿಂಗಿನ ಅಡ್ಡಕೊಯ್ತದಲ್ಲಿ ವೈರುಗಳು ಇನ್ಸುಲೇಶನ್ ಸೇರಿ ನೂರಕ್ಕೆ 20 ಭಾಗಕ್ಕಿಂತ ಹೆಚ್ಚು ತುಂಬಬಾರದೆಂದು ಅಮೆರಿಕದ ಸಂಹಿತೆ ಹೇಳಿದರೆ, ಬ್ರಿಟಿಷ್ ಪದ್ಧತಿ 45 ಭಾಗದವರೆಗೆ ತುಂಬಲು ಬಿಡುತ್ತದೆ. ಎರಡು ದೇಶದವರು ಜಗಳವಾಡುತ್ತಿದ್ದಾರೆಂದು ಇದರ ಅರ್ಥವಲ್ಲ. 20 ಭಾಗದೊಳಗಿದ್ದು, ಹೊರೆ ಹೊರುವ ವೈರುಗಳು ಒಂದೇ ಜಾಗದಲ್ಲಿ 30ಕ್ಕಿಂತ ಹೆಚ್ಚಾಗದಿದ್ದರೆ, ಗುಂಪಿನಲ್ಲಿವೆ ಎಂಬ ಕಾರಣಕ್ಕೆ ಅವುಗಳ ಆಂಪಿಯರನ್ನು, ಅಂದರೆ ಅವು ಹೊರಬಹುದಾದ ವಿದ್ಯುತ್ ಪ್ರವಾಹದ ಮಿತಿಯನ್ನು, ಇಳಿಸಬೇಕಾಗಿಲ್ಲ ಎಂಬ ರಿಯಾಯಿತಿ ಅಮೆರಿಕದಲ್ಲಿದೆ. 45 ಭಾಗ ಜಾಗದ ಮಿತಿ ಮಾತ್ರ. ಅಷ್ಟು ತುಂಬಿದವರು ಆಂಪಿಯರನ್ನು ಬೇರೆಯಾಗಿ ಇಳಿಸಿಯೇ ತೀರಬೇಕು. ನಮ್ಮಲ್ಲಿ ಎಷ್ಟೋ ಜನ ಎರಡರಿಂದಲೂ ತಮಗೆ ಅನುಕೂಲವಾದುದನ್ನು ಆರಿಸಿಕೊಂಡು, 45 ಭಾಗ ತುಂಬಿ ಆಂಪಿಯರನ್ನೂ ಪೂರ್ತಿ ಲೆಕ್ಕ ಹಿಡಿಯುತ್ತಾರೆ. ಏಪ್ರಿಲಿನ ಗದಗಿನಲ್ಲಿ ತಗಡಿನ ಚಾವಣಿಯ ಕೆಳಗೆ ಆ ಟ್ರಂಕಿಂಗಿನ ಮುಚ್ಚಳ ಮುಟ್ಟಿ ನೋಡಿದರೆ ಲೆಕ್ಕ ಎಲ್ಲಿ ತಪ್ಪಿತೆಂದು ಕೈಯೇ ಹೇಳುತ್ತದೆ.

ಮೂರು ಫೀಡರುಗಳಿಗೆ (ಪ್ಯಾನೆಲ್ಲಿಗೆ ವಿದ್ಯುತ್ ಒಯ್ಯುವ ಮುಖ್ಯ ಲೈನುಗಳಿಗೆ) ತಲಾ ನಾಲ್ಕರಂತೆ 120 ಚದರ ಮಿ.ಮೀ. ವೈರುಗಳು ಹನ್ನೆರಡು ಎಂದಿಟ್ಟುಕೊಳ್ಳೋಣ. ಒಂದರ ಹೊರವ್ಯಾಸ 20 ಮಿ.ಮೀ. ಎಂದರೆ ಅಡ್ಡಕೊಯ್ತ 314 ಚದರ ಮಿ.ಮೀ.; ಹನ್ನೆರಡಕ್ಕೆ ಸುಮಾರು 3,770. ಅದು ಐದರಲ್ಲೊಂದು ಭಾಗವಾಗಬೇಕಾದರೆ ಟ್ರಂಕಿಂಗಿಗೆ 18,850 ಚದರ ಮಿ.ಮೀ. ಬೇಕು. 150ಕ್ಕೆ 125 ಎಂದರೆ 18,750, ಕೂದಲೆಳೆಯಲ್ಲಿ ತಪ್ಪುತ್ತದೆ. 150ಕ್ಕೆ 150 ಸಾಕು. 45 ಭಾಗದ ಲೆಕ್ಕದಲ್ಲಿ 100ಕ್ಕೆ 100ರಲ್ಲಿಯೇ ಈ ಹನ್ನೆರಡು ವೈರು ಹಿಡಿಯುತ್ತವೆ, ಅಂಗಡಿಯವರು ಅದನ್ನೇ ಕೊಡಲು ನೋಡುತ್ತಾರೆ. ಆದರೆ ಟ್ರಂಕಿಂಗ್ ಮೂಲೆಯಲ್ಲಿ ತಿರುಗುವಾಗ ವೈರು 30 ಡಿಗ್ರಿಗಿಂತ ಹೆಚ್ಚು ಬಾಗಿದರೆ ಮೇಲೆ ಹೇಳಿದ ಕೋಷ್ಟಕ ಇಲ್ಲಿಗೂ ಅನ್ವಯಿಸುತ್ತದೆ. ಅದರಂತೆ ಈ ವೈರಿಗೆ ಬೇಕಾದ ನಾಲ್ಕೂವರೆ ಇಂಚು ಎಂದರೆ 114 ಮಿ.ಮೀ. ಶಾಖದ ಲೆಕ್ಕವನ್ನು ಹೇಗೋ ಹೊಂದಿಸಿಕೊಂಡರೂ 100 ಮಿ.ಮೀ. ಟ್ರಂಕಿಂಗ್ ತಿರುವಿನಲ್ಲಿ ಸೋಲುತ್ತದೆ.

ಫೇಸುಗಳ ಹೊರೆ ಸಮನಾಗಿದ್ದು ನ್ಯೂಟ್ರಲ್ಲನ್ನು ಎಣಿಸಬೇಕಾಗಿಲ್ಲವೆಂದರೆ ಇದರಲ್ಲಿ ಹೊರೆ ಹೊರುವ ವೈರುಗಳು ಒಂಬತ್ತು. ಇವೇ ಒಂಬತ್ತನ್ನು ಒಂದೇ ಪೈಪಿನಲ್ಲಿ ಎಳೆದಿದ್ದರೆ ಆಂಪಿಯರನ್ನು 70 ಪ್ರತಿಶತಕ್ಕೆ ಇಳಿಸಬೇಕಿತ್ತು. ಟ್ರಂಕಿಂಗಿನಲ್ಲಿ ಇಳಿಸಬೇಕಾಗಿಲ್ಲ. ಆದರೆ 31ನೆಯ ವೈರು ಬಂದ ಕ್ಷಣ ರಿಯಾಯಿತಿ ಪೂರ್ತಿ ಹೋಗಿ ಎಲ್ಲವೂ 40 ಪ್ರತಿಶತಕ್ಕೆ ಬೀಳುತ್ತವೆ. ಪಿವಿಸಿ ಟ್ರಂಕಿಂಗಿಗೆ ಈ ರಿಯಾಯಿತಿ ಮೊದಲಿನಿಂದಲೂ ಇಲ್ಲ.

ಟ್ರಂಕಿಂಗೇ ಪುಲ್ ಬಾಕ್ಸಾಗುವ ಸಂದರ್ಭವೂ ಇದೆ, ಅದನ್ನು ಗಮನಿಸುವವರು ಕಡಿಮೆ. 150 ಮಿ.ಮೀ. ಟ್ರಂಕಿಂಗಿನ ಮೇಲಿನಿಂದ ಮೂರಿಂಚಿನ ಪೈಪು ಇಳಿದು, ನೇರ ಕೆಳಗೆ ಇನ್ನೊಂದು ಪೈಪಿಗೆ ವೈರು ಹೋದರೆ ಅದು ನೇರ ಎಳೆತ. ಅಲ್ಲಿ 24 ಇಂಚು ಬೇಕಾದಲ್ಲಿ ಇರುವುದು ಆರೇ ಇಂಚು. ಕೆಳಗಿನ ಪೈಪನ್ನು ಟ್ರಂಕಿಂಗಿನ ಉದ್ದಕ್ಕೆ 18 ಇಂಚು ಸರಿಸಿಬಿಟ್ಟರೆ ಅದು ತಿರುವಿನ ಎಳೆತವಾಗಿ, ಟ್ರಂಕಿಂಗನ್ನು ಬದಲಿಸದೆಯೇ ಲೆಕ್ಕ ಕೂಡುತ್ತದೆ. ಜಾಯಿಂಟು ಇರುವ ಕಡೆ ಮಾತ್ರ ವೈರು, ಜಾಯಿಂಟು, ಟೇಪು ಎಲ್ಲ ಸೇರಿ ಅಡ್ಡಕೊಯ್ತದ 75 ಭಾಗದವರೆಗೆ ತುಂಬಬಹುದು.

ತೂತುಗಳ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಇಷ್ಟು ಲೆಕ್ಕ ಹಾಕಿಯೂ ಬಾಕ್ಸು ಕಾದು ಬಿಸಿಯಾಗುತ್ತದೆ. ಒಂದು ಸರ್ಕ್ಯೂಟಿನ ಮೂರೂ ಫೇಸು ಮತ್ತು ನ್ಯೂಟ್ರಲ್ ಒಂದೇ ಪೈಪಿನಲ್ಲಿ, ಒಂದೇ ತೂತಿನಲ್ಲಿ ಹೋಗಬೇಕು. ಅಂದವಾಗಿ ಕಾಣಲೆಂದು ಕಬ್ಬಿಣದ ತಗಡಿನಲ್ಲಿ ನಾಲ್ಕು ತೂತು ಕೊರೆದು ಒಂದೊಂದರಲ್ಲಿ ಒಂದೊಂದು ವೈರು ಹಾಯಿಸಿದರೆ, ಪ್ರತಿ ವೈರಿನ ಸುತ್ತಲಿನ ಕಾಂತಕ್ಷೇತ್ರ ಆ ಕಬ್ಬಿಣದಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸಿ ತಗಡನ್ನೇ ಕಾಯಿಸುತ್ತದೆ. ಎಲ್ಲವೂ ಒಟ್ಟಿಗಿದ್ದಾಗ ಆ ಕ್ಷೇತ್ರಗಳು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಬೇರೆಬೇರೆ ತೂತು ಅನಿವಾರ್ಯವಾದರೆ ಆ ಭಾಗಕ್ಕೆ ಅಲ್ಯುಮಿನಿಯಂ ತಗಡು ಹಾಕಿಸಬೇಕು.

ಕಟ್ಟಡದ ಯಾವ ಭಾಗವನ್ನೂ ಒಡೆಯದೆ ಮುಚ್ಚಳ ತೆಗೆಯಲು ಬರುವಂತಿರಬೇಕೆಂಬುದೂ ಬಾಕ್ಸಿನ ನಿಯಮವೇ. ಬ್ಯಾಡಗಿಯಲ್ಲಿ 18 ಇಂಚಿನ ಹೊಸ ಬಾಕ್ಸು ಕೂಡಿಸಿ, ಪೈಪಿನ ಬಾಯಿಗಳಿಗೆ ಬುಶ್ ಹಾಕಿ, ವೈರುಗಳನ್ನು ಬಿಟ್ಟಾಗ ಅವು ದೊಡ್ಡ ಕಮಾನಿನಂತೆ ತಾವಾಗಿ ನಿಂತವು, ಮುಚ್ಚಳ ಒಂದು ಬೆರಳಿಗೆ ಕೂತಿತು. ಮರುವರ್ಷ ತಪಾಸಣೆಗೆ ಹೋದಾಗ ಬಾಕ್ಸು ಎಲ್ಲಿದೆಯೆಂದೇ ಕಾಣಲಿಲ್ಲ. ಕಂಪ್ರೆಸರ್ ಕೋಣೆಯಲ್ಲಿ ಅದರ ಮುಂದೆ ಮೆಣಸಿನಕಾಯಿ ಚೀಲಗಳನ್ನು ಎದೆಮಟ್ಟಕ್ಕೆ ಒಟ್ಟಿದ್ದರು. ಅವನ್ನು ಸರಿಸುವ ಹೊತ್ತಿಗೆ ನಮಗೆಲ್ಲ ಸೀನು ಶುರುವಾಗಿತ್ತು.